ತೊಡೆಸಂದಿನಲ್ಲಿ ಪದೇ ಪದೇ ಏಳುವ ನೋವಿನ ಗುಳ್ಳೆ: ಮೂಲ ಪತ್ತೆ ಹಚ್ಚುವ ಬಗೆ

ತೊಡೆಸಂದಿನಲ್ಲಿ ಗುಳ್ಳೆ ಎದ್ದರೆ ನಮ್ಮ ಕರಾವಳಿಯಲ್ಲಿ ಮೂರು ಕಾರಣ ಮೊದಲೇ ಸಿದ್ಧವಾಗಿರುತ್ತವೆ. ಮೈ ಉಷ್ಣ ಆಗಿದೆ, ನಂಜಿನ ಪದಾರ್ಥ ತಿಂದದ್ದು ಹೆಚ್ಚಾಗಿದೆ, ಇಲ್ಲವೇ ಸ್ನಾನ ಸರಿಯಾಗಿಲ್ಲ. ಉಷ್ಣಕ್ಕೆ ಬೊಂಡ ಕುಡಿಸುತ್ತಾರೆ, ನಂಜಿಗೆ ಬಂಗುಡೆ ಮತ್ತು ಬದನೆ ಬಿಡಿಸುತ್ತಾರೆ, ಸ್ನಾನಕ್ಕೆ ಔಷಧದ ಸೋಪು ತರುತ್ತಾರೆ. ವಾರದಲ್ಲಿ ಗುಳ್ಳೆ ಒಡೆದು ಒಣಗುತ್ತದೆ, ಬೊಂಡಕ್ಕೆ ಒಳ್ಳೆಯ ಹೆಸರು ಬರುತ್ತದೆ. ಮುಂದಿನ ತಿಂಗಳು ಅದೇ ಜಾಗದಲ್ಲಿ ಇನ್ನೊಂದು.

ಒಮ್ಮೆ ಬಂದು ಹೋದ ಕುರುವಿಗೆ ಇಷ್ಟೆಲ್ಲ ಓದುವ ಅಗತ್ಯವಿಲ್ಲ. ಆರು ತಿಂಗಳಲ್ಲಿ ಎರಡು ಸಲವೋ ಅದಕ್ಕಿಂತ ಹೆಚ್ಚೋ ಬಂದವರಿಗಾಗಿ ಇದನ್ನು ಬರೆದಿದ್ದೇನೆ. ಒಂದೊಂದು ಗುಳ್ಳೆಯನ್ನೂ ಹೊಸ ಕಾಯಿಲೆ ಎಂದು ತಿಳಿದು ಪ್ರತಿ ಸಲ ಐದು ದಿನದ ಆಂಟಿಬಯೋಟಿಕ್ ನುಂಗುವವರಿಗೆ ಮೂಲ ಎಂದೂ ಸಿಗುವುದಿಲ್ಲ. ಗುಳ್ಳೆ ನೋಡಲು ಹೆಚ್ಚು ಕಡಿಮೆ ಎಲ್ಲರದ್ದೂ ಒಂದೇ: ಕೆಂಪು, ಊತ, ನೋವು. ಯಾವ ಜಾಗದಲ್ಲಿ ಬರುತ್ತದೆ, ಯಾವಾಗ ಬರುತ್ತದೆ, ಹೋದ ಮೇಲೆ ಏನನ್ನು ಬಿಟ್ಟು ಹೋಗುತ್ತದೆ ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ.

ಮೊದಲು ಇದನ್ನು ನೋಡಿ, ಉಳಿದದ್ದು ಆಮೇಲೆ

ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಕಣ್ಣಿಗೆ ಕಾಣುವುದಕ್ಕಿಂತ ನೋವು ಎಷ್ಟೋ ಪಾಲು ಹೆಚ್ಚಿದ್ದರೆ, ಚರ್ಮ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತಿದ್ದರೆ, ಚಳಿಜ್ವರ ಬಂದು ಮನುಷ್ಯ ಮಂಕಾಗಿದ್ದರೆ ಓದುವುದನ್ನು ನಿಲ್ಲಿಸಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ಮಾತು ಎರಡು ಪಟ್ಟು. ಜನನಾಂಗ ಮತ್ತು ಗುದದ ಸುತ್ತಲಿನ ಮಾಂಸವನ್ನು ಕೊಳೆಸುವ ಫೋರ್ನಿಯರ್ ಗ್ಯಾಂಗ್ರೀನ್ ಎಂಬ ಸೋಂಕು ಹೀಗೆಯೇ ಶುರುವಾಗುತ್ತದೆ. ಅದು ನಾಳೆ ಬೆಳಗ್ಗಿನ ಒಪಿಡಿ ಚೀಟಿಗೆ ಕಾಯುವುದಿಲ್ಲ.

ಇನ್ನೊಂದು ತುರ್ತು, ಹರ್ನಿಯಾ. ತೊಡೆಸಂದಿನ ಉಬ್ಬು ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ದೊಡ್ಡದಾಗಿ, ಅಂಗಾತ ಮಲಗಿದರೆ ಒಳಗೆ ಹೋಗುತ್ತಿದ್ದರೆ ಅದು ಚರ್ಮದ ತೊಂದರೆಯೇ ಅಲ್ಲ. ಅದು ಒಳಗೆ ಹೋಗದೆ ಸಿಕ್ಕಿಹಾಕಿಕೊಂಡು, ಗಟ್ಟಿಯಾಗಿ, ವಾಂತಿಯೂ ಶುರುವಾದರೆ ಆ ದಿನವೇ ಆಪರೇಷನ್ ಬೇಕಾಗಬಹುದು. ಕುರು ಎಂದು ತಿಳಿದು ಸುಣ್ಣ ಬೆಲ್ಲ ಹಚ್ಚಿ ಮಲಗಬೇಡಿ.

ಗುಳ್ಳೆಯೋ, ಚರ್ಮದ ಕೆಳಗಿನ ಗಂಟೋ

ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಚರ್ಮ ಮಾಮೂಲಿನಂತಿದ್ದು ಅದರ ಕೆಳಗೆ ಹುಣಸೆ ಬೀಜದಷ್ಟೋ ನೆಲ್ಲಿಕಾಯಿಯಷ್ಟೋ ಗಂಟು ಸಿಕ್ಕಿದರೆ ಅದು ಹೆಚ್ಚಾಗಿ ಹಾಲುರಸದ ಗ್ರಂಥಿ (ಲಿಂಫ್ ನೋಡ್). ಕಾಲು, ಜನನಾಂಗ, ಪೃಷ್ಠ ಈ ಭಾಗಗಳಲ್ಲಿ ಎಲ್ಲಿ ಗಾಯವಾದರೂ ಸೋಂಕಾದರೂ ಇಲ್ಲಿನ ಗ್ರಂಥಿ ಊದಿಕೊಳ್ಳುತ್ತದೆ. ಹಾಗಾಗಿ ಗಂಟು ಸಿಕ್ಕಿದ ತಕ್ಷಣ ಪಾದ ನೋಡಬೇಕು. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರು, ಮಲ್ಪೆ ಬಂದರಿನಲ್ಲಿ ದಿನವಿಡೀ ಒದ್ದೆ ಬೂಟು ಹಾಕುವವರು, ಕಾಲ್ಬೆರಳ ಸಂದು ಬೆಳ್ಳಗಾಗಿ ಬಿರಿದವರು ತೊಡೆಸಂದಿಗೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ. ಕಾಲಿನ ಬಿರುಕು ಮುಚ್ಚಿದರೆ ಗಂಟು ತಾನಾಗಿ ಇಳಿಯುತ್ತದೆ.

ಚಳಿ ನಡುಗಿ ಜ್ವರ ಬರುವುದು, ತೊಡೆಸಂದಿನ ಗಂಟು ನೋಯುವುದು, ಕಾಲು ಕೆಂಪಾಗಿ ಊದುವುದು, ಕೆಲವು ದಿನದಲ್ಲಿ ಇಳಿದು ಮತ್ತೆ ಕೆಲವು ತಿಂಗಳಿಗೆ ಬರುವುದು, ಈ ಕ್ರಮ ಕಂಡರೆ ಆನೆಕಾಲು ರೋಗವನ್ನು ನೆನಪಿಸಿಕೊಳ್ಳಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ರಾಜ್ಯದ ಫೈಲೇರಿಯಾ, ಅಂದರೆ ಆನೆಕಾಲು ರೋಗದ, ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಮನೆ ಮನೆಗೆ ಬಂದು ಈ ರೋಗದ ಡಿಇಸಿ ಮಾತ್ರೆ ನುಂಗಿಸಿದ್ದು ಹಲವರಿಗೆ ನೆನಪಿರಬಹುದು. ಈ ರೋಗ ತರುವ ಹುಳದ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುವ ಕಾರಣ ಇದರ ರಕ್ತಲೇಪನವನ್ನು ರಾತ್ರಿ ತೆಗೆಯುತ್ತಾರೆ.

ಗ್ರಂಥಿ ಊದಿ ಕೀವಾಗುವ ಲೈಂಗಿಕ ಸೋಂಕುಗಳೂ ಇವೆ, ಕ್ಷಯವೂ ಇದೆ. ಗಂಟು ನಾಲ್ಕೈದು ವಾರ ಇಳಿಯದಿದ್ದರೆ, ನೋವಿಲ್ಲದೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ ಅದಕ್ಕೆ ಸೂಜಿ ಪರೀಕ್ಷೆ ಬೇಕು. ಗಂಟಲ್ಲ, ಚರ್ಮದ್ದೇ ಗುಳ್ಳೆ ಎಂದು ಖಾತ್ರಿಯಾದರೆ ಮುಂದಕ್ಕೆ ಹೋಗಿ.

ರೇಜರ್ ಇಟ್ಟ ಮೇಲೆ ಬರುತ್ತದೆಯೇ?

ಇದು ತೀರಾ ಸಾಮಾನ್ಯ ಕಾರಣ, ಪತ್ತೆಯೂ ಸುಲಭ. ಕೂದಲು ತೆಗೆದ ಒಂದೆರಡು ದಿನದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಕೆಲವದರ ನಡುವೆ ಒಳಕ್ಕೆ ಬಾಗಿದ ಕೂದಲು ಕಪ್ಪು ಗೆರೆಯಂತೆ ಕಾಣುತ್ತದೆ. ಗುಂಗುರು ಕೂದಲಿನವರಿಗೆ ಹೆಚ್ಚು. ಪರೀಕ್ಷೆಯೂ ಚಿಕಿತ್ಸೆಯೂ ಒಂದೇ: ಒಂದು ತಿಂಗಳು ರೇಜರ್, ವ್ಯಾಕ್ಸ್, ಕ್ರೀಮ್ ಯಾವುದೂ ಬೇಡ. ತೀರಾ ಬೇಕಿದ್ದರೆ ಟ್ರಿಮ್ಮರ್‌ನಲ್ಲಿ ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ. ತಿಂಗಳಲ್ಲಿ ಗುಳ್ಳೆ ಬರುವುದು ನಿಂತಿತೆಂದರೆ ಕಾರಣ ಸಿಕ್ಕಿತು. ಕೂದಲು ಬಿಟ್ಟರೆ ಕೊಳಕು ಎನ್ನುವ ಭಾವನೆ ಈಚೆಗೆ ಬಂದದ್ದು, ಚರ್ಮಕ್ಕೆ ಆ ಭಾವನೆ ಗೊತ್ತಿಲ್ಲ.

ಬೇರೆ ಬೇರೆ ಜಾಗದಲ್ಲಿ, ಮನೆಯ ಬೇರೆಯವರಿಗೂ ಬರುತ್ತದೆಯೇ?

ಹಾಗಿದ್ದರೆ ಇದು ನಿಜವಾದ ಕುರು. ಸ್ಟಫೈಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯ ಕೂದಲಿನ ಬುಡದಲ್ಲಿ ಸೇರಿ ಮಾಡುವ ಕೀವು. ಎದ್ದು ಒಂದು ವಾರದೊಳಗೆ ಬಿಳಿ ಮುಖ ಮಾಡಿ, ಒಡೆದು, ಪೂರ್ತಿ ಮಾಯುತ್ತದೆ. ಮುಂದಿನದು ತೊಡೆಯಲ್ಲೋ ಪೃಷ್ಠದಲ್ಲೋ ಕುತ್ತಿಗೆಯಲ್ಲೋ ಏಳುತ್ತದೆ. ತಮ್ಮನಿಗೆ, ಹಾಸ್ಟೆಲ್‌ನ ರೂಮ್‌ಮೇಟ್‌ಗೆ, ಒಂದೇ ಬೈರಾಸು ಬಳಸುವ ಯಾರಿಗಾದರೂ ಬಂದಿರುತ್ತದೆ.

ಇದು ಮರುಕಳಿಸುವುದಕ್ಕೆ ಕಾರಣ ಹೆಚ್ಚಾಗಿ ಮೂಗು. ಆರೋಗ್ಯವಂತರಲ್ಲೂ ಸುಮಾರು ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಈ ಬ್ಯಾಕ್ಟೀರಿಯ ಸುಮ್ಮನೆ ವಾಸ ಮಾಡಿಕೊಂಡಿರುತ್ತದೆ. ಬೆರಳಿನ ಮೂಲಕ ಅಲ್ಲಿಂದ ಇಲ್ಲಿಗೆ ಬರುತ್ತದೆ. ಆದ್ದರಿಂದ ವೈದ್ಯರು ಕೆಲವೊಮ್ಮೆ ಗುಳ್ಳೆಗೆ ಮಾತ್ರ ಔಷಧ ಕೊಡದೆ ಮೂಗಿಗೂ ಐದು ದಿನ ಮ್ಯುಪಿರೋಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಸ್ನಾನ ಬರೆಯುತ್ತಾರೆ. ಹೊಳ್ಳೆಗೆ ಮುಲಾಮು ಹಚ್ಚಲು ಹೇಳಿದರೆ ಡಾಕ್ಟ್ರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೀವನ್ನು ಕಲ್ಚರ್‌ಗೆ ಕಳಿಸುವುದು ಒಳ್ಳೆಯದು. ಮಾಮೂಲಿ ಮಾತ್ರೆಗೆ ಬಗ್ಗದ ಎಂಆರ್‌ಎಸ್‌ಎ ಇದ್ದರೆ ಅಲ್ಲಿ ಗೊತ್ತಾಗುತ್ತದೆ.

ಮತ್ತೆ ಸಕ್ಕರೆ. ಕುರು ಮರುಕಳಿಸುವ ಯಾರೇ ಆದರೂ, ವಯಸ್ಸು ಎಷ್ಟೇ ಆದರೂ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಮ್ಮೆ ನೋಡಿಸಲೇಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ. ತೊಡೆಸಂದಿನ ಕುರುವಿನಿಂದಲೇ ತಮಗೆ ಸಕ್ಕರೆ ಇದೆಯೆಂದು ತಿಳಿದವರು ನಮ್ಮ ಸುತ್ತ ಕಡಿಮೆಯೇನಿಲ್ಲ.

ಕೂದಲೆಳೆಯಷ್ಟೂ ಜಾಗ ಬದಲಿಸದೆ ಅಲ್ಲೇ ಬರುತ್ತದೆಯೇ?

ನೋವಿಲ್ಲದ ದಿನಗಳಲ್ಲೂ ಆ ಜಾಗದಲ್ಲಿ ಗುಂಡಗಿನ ಗಂಟು ಬೆರಳಿಗೆ ಸಿಗುತ್ತದೆ, ಮೇಲೆ ಒಂದು ಕಪ್ಪು ಚುಕ್ಕೆ ಇದೆ, ಒತ್ತಿದರೆ ಗಬ್ಬು ವಾಸನೆಯ ಬೆಳ್ಳಗಿನ ಮುದ್ದೆ ಬರುತ್ತದೆ ಎಂದಾದರೆ ಎಪಿಡರ್ಮಾಯ್ಡ್ ಸಿಸ್ಟ್. ಒಳಗಿನ ಚೀಲ ಇರುವ ತನಕ ಎಷ್ಟು ಸಲ ಹಿಂಡಿದರೂ ತುಂಬಿಕೊಳ್ಳುತ್ತದೆ. ಕೆಂಪು, ನೋವು ಇಳಿದ ಮೇಲೆ ಚೀಲ ಸಮೇತ ತೆಗೆಸಿದರೆ ಮುಗಿಯಿತು.

ಹೆಂಗಸರಲ್ಲಿ ಯೋನಿದ್ವಾರದ ಕೆಳಬದಿಯಲ್ಲಿ ಒಂದೇ ಪಕ್ಕಕ್ಕೆ ಊದಿ ಕೂರಲು ನಡೆಯಲು ಆಗದಂತಾದರೆ ಬಾರ್ಥೊಲಿನ್ ಗ್ರಂಥಿಯ ಬಾವು. ಅದಕ್ಕೆ ಸ್ತ್ರೀರೋಗ ತಜ್ಞರೇ ಸರಿ, ಮಂಗಳೂರಿನವರಿಗೆ ಲೇಡಿಗೋಷನ್ ಆಸ್ಪತ್ರೆ ಇದ್ದೇ ಇದೆ. ನಲವತ್ತು ದಾಟಿದ ಮೇಲೆ ಮೊದಲ ಸಲ ಬಂದರೆ ತುಣುಕು ಪರೀಕ್ಷೆಯ (ಬಯಾಪ್ಸಿ) ಬಗ್ಗೆ ಕೇಳಿ.

ತೊಡೆಸಂದಿನ ಜೊತೆ ಕಂಕುಳಿಗೂ ಬರುತ್ತದೆಯೇ?

ಈ ಒಂದು ಪ್ರಶ್ನೆಯನ್ನು ಕೇಳುವವರಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಅಲೆಯುತ್ತಾರೆ. ಕಂಕುಳು, ಸ್ತನದ ಕೆಳಮಡಿಕೆ, ತೊಡೆಸಂದು, ಪೃಷ್ಠದ ಸೀಳು: ಚರ್ಮ ಚರ್ಮಕ್ಕೆ ಉಜ್ಜುವ ಈ ಜಾಗಗಳಲ್ಲಿ ಆಳದ, ನೋವಿನ ಗಡ್ಡೆಗಳು ಮರುಕಳಿಸಿದರೆ ಅದು ಹೈಡ್ರಾಡೆನೈಟಿಸ್ ಸಪ್ಯುರೇಟಿವಾ ಇರಬಹುದು. ವೈದ್ಯರು ಚಿಕ್ಕದಾಗಿ ಎಚ್‌ಎಸ್ ಎನ್ನುತ್ತಾರೆ. ಪ್ರಾಯಕ್ಕೆ ಬಂದ ಮೇಲೆ, ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲ ಗಡ್ಡೆ ಬಂದಾಗಿನಿಂದ ಸರಿಯಾದ ಹೆಸರು ಸಿಗುವ ತನಕ ಏಳೆಂಟು ವರ್ಷ ಹೋಗುವುದು ಬೇರೆ ಬೇರೆ ದೇಶಗಳಲ್ಲೂ ಸಾಮಾನ್ಯ. ರಕ್ತಪರೀಕ್ಷೆಯಲ್ಲೋ ಸ್ಕ್ಯಾನ್‌ನಲ್ಲೋ ಇದನ್ನು ಖಚಿತಪಡಿಸಲು ಆಗುವುದಿಲ್ಲ. ಯಾವ ಥರದ ಗಡ್ಡೆ, ಯಾವ ಜಾಗ, ಎಷ್ಟು ಸಲ ಎಂಬ ಮೂರು ಕೂಡಿದರೆ ಅದೇ ರೋಗನಿರ್ಣಯ.

ಕುರುವಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿದರೆ ತಿಳಿಯುತ್ತದೆ. ಕುರು ಮೇಲೆ ಮುಖ ಮಾಡುತ್ತದೆ, ಎಚ್‌ಎಸ್ ಗಡ್ಡೆ ಆಳದಲ್ಲೇ ಗಟ್ಟಿಯಾಗಿ ಉಳಿದು ಒಂದೆರಡು ವಾರ ಕಾಡುತ್ತದೆ. ಕೆಲವರಿಗೆ ಗಡ್ಡೆ ಏಳುವ ಒಂದೆರಡು ದಿನ ಮೊದಲೇ ಅಲ್ಲಿ ಉರಿ, ತುರಿಕೆ, ಬೆವರು ಶುರುವಾಗಿ ಮುನ್ಸೂಚನೆ ಸಿಗುತ್ತದೆ. ಹೆಂಗಸರಲ್ಲಿ ಹಲವರಿಗೆ ಮುಟ್ಟಿನ ಮೊದಲು ಹೆಚ್ಚು. ಕುರು ಮಾಯ್ದರೆ ಕಲೆ ಮಾತ್ರ, ಇದು ಹಗ್ಗದಂಥ ಗಾಯದ ಗುರುತು ಬಿಡುತ್ತದೆ. ಒಂದೇ ಜಾಗದಲ್ಲಿ ಪಕ್ಕಪಕ್ಕ ಎರಡು ಬಾಯಿಯ ಕಪ್ಪು ಚುಕ್ಕೆಗಳು ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ದಿನ ಕಳೆದಂತೆ ಚರ್ಮದ ಕೆಳಗೆ ಸುರಂಗಗಳಾಗಿ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕೀವು ಬರತೊಡಗುತ್ತದೆ. ಒಳಉಡುಪಿನ ಮೇಲೆ ಕಲೆ, ವಾಸನೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂತರೆ ತನ್ನಿಂದಲೇ ಎಂಬ ಅಳುಕು. ಈ ರೋಗದವರಲ್ಲಿ ಖಿನ್ನತೆ ಹೆಚ್ಚು ಎಂಬುದು ಸುಮ್ಮನೆ ಹೇಳುವ ಮಾತಲ್ಲ.

ಎಷ್ಟು ಮುಂದುವರಿದಿದೆ ಎಂದು ಅಳೆಯಲು 1989ರಿಂದ ಹರ್ಲಿ ಎಂಬ ಮೂರು ಹಂತದ ಅಳತೆ ಬಳಕೆಯಲ್ಲಿದೆ. ಗಡ್ಡೆ ಇದೆ, ಸುರಂಗವಾಗಲಿ ಗಾಯದ ಗುರುತಾಗಲಿ ಇಲ್ಲ ಎಂದರೆ ಒಂದನೆಯದು. ಅಲ್ಲಲ್ಲಿ ಸುರಂಗ ಮತ್ತು ಗುರುತು ಇದ್ದರೆ ಎರಡನೆಯದು. ಇಡೀ ಜಾಗವೇ ಒಳಗೊಳಗೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಮೂರನೆಯದು. ಮೊದಲ ಹಂತದಲ್ಲಿ ಸಿಕ್ಕಿದರೆ ಔಷಧದಲ್ಲಿ ಹಿಡಿತಕ್ಕೆ ತರುವ ಅವಕಾಶ ಚೆನ್ನಾಗಿರುತ್ತದೆ. ಆದ್ದರಿಂದಲೇ ಬೇಗ ಪತ್ತೆಯಾಗಬೇಕು ಎಂದು ಇಷ್ಟು ಒತ್ತಿ ಬರೆಯುತ್ತಿರುವುದು.

ಕಾರಣ ಏನು? 1854ರಲ್ಲಿ ವೆರ್ನೊಯ್ ಎಂಬ ಫ್ರೆಂಚ್ ಸರ್ಜನ್ ಇದನ್ನು ಬೆವರು ಗ್ರಂಥಿಯ ರೋಗ ಎಂದು ವಿವರಿಸಿದ. ನೂರು ವರ್ಷಕ್ಕೂ ಮೀರಿ ಎಲ್ಲರೂ ಹಾಗೇ ನಂಬಿದ್ದರು. ಈಗ ತಿಳಿದಿರುವ ಪ್ರಕಾರ ಮೊದಲು ಕಟ್ಟಿಕೊಳ್ಳುವುದು ಕೂದಲಿನ ಬುಡ. ಅದು ಚರ್ಮದೊಳಗೇ ಒಡೆದು, ಅದಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳುತ್ತದೆ. ಅಂದರೆ ಇದು ಅಂಟುರೋಗವಲ್ಲ, ಲೈಂಗಿಕ ರೋಗವೂ ಅಲ್ಲ, ಸ್ನಾನದ ಕೊರತೆಯಂತೂ ಅಲ್ಲವೇ ಅಲ್ಲ. ಗಡುಸು ಬ್ರಷ್ ಹಿಡಿದು ಉಜ್ಜಿದರೆ ಇನ್ನೂ ಕೆರಳುತ್ತದೆ. ಸುಮಾರು ಮೂರನೇ ಒಂದು ಪಾಲು ಜನರಿಗೆ ಮನೆಯಲ್ಲಿ ಇನ್ನೊಬ್ಬರಿಗೆ ಇರುತ್ತದೆ. ಆದರೆ ಅಮ್ಮ ಮಗಳಿಗೆ ಹೇಳಿರುವುದಿಲ್ಲ, ಅಣ್ಣ ತಮ್ಮನಿಗೆ ಹೇಳಿರುವುದಿಲ್ಲ. ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಹೆಚ್ಚು ತೂಕ ಮತ್ತು ಬೀಡಿ ಸಿಗರೇಟು ಇದನ್ನು ಕೆಣಕುತ್ತವೆ. ಸಣ್ಣಗಿದ್ದು ಒಂದು ದಮ್ಮೂ ಎಳೆಯದವರಿಗೂ ಬರುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು. ಇಲ್ಲದಿದ್ದರೆ ರೋಗಿಯನ್ನೇ ಬೈಯುವವರಿಗೆ ಇನ್ನೊಂದು ನೆಪ ಸಿಗುತ್ತದೆ.

ಗಡ್ಡೆ ಕೊಯ್ದು ಕೀವು ತೆಗೆಸುವುದರ ಬಗ್ಗೆ ಒಂದು ಮಾತು. ನೋವು ತಡೆಯಲಾಗದಾಗ ಅದು ಬೇಕಾಗುತ್ತದೆ, ಆ ರಾತ್ರಿ ನಿದ್ದೆ ಬರುತ್ತದೆ. ಆದರೆ ಎಚ್‌ಎಸ್‌ನಲ್ಲಿ ಬರೀ ಕೊಯ್ದು ಬಿಟ್ಟರೆ ಕಟ್ಟಿದ ಬಚ್ಚಲಿನ ನೀರನ್ನು ಚೊಂಬಿನಲ್ಲಿ ಮೊಗೆದು ಹೊರಗೆ ಚೆಲ್ಲಿದ ಹಾಗೆ, ನೀರು ಮತ್ತೆ ನಿಲ್ಲುತ್ತದೆ. ಅದಕ್ಕೆ ಸುರಂಗದ ಮೇಲಿನ ಚರ್ಮವನ್ನೇ ತೆಗೆದು ಕೆಳಗಿನಿಂದ ಮಾಯಲು ಬಿಡುವ ಬೇರೆಯೇ ಶಸ್ತ್ರಕ್ರಿಯೆ ಇದೆ. ಔಷಧದಲ್ಲಿ ಮೊದಲು ಹಚ್ಚುವ ಕ್ಲಿಂಡಮೈಸಿನ್, ಆಮೇಲೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಸುಮಾರು ಮೂರು ತಿಂಗಳು. ಅದಕ್ಕೂ ಬಗ್ಗದಿದ್ದರೆ ಕ್ಲಿಂಡಮೈಸಿನ್ ಮತ್ತು ರಿಫಾಂಪಿಸಿನ್ ಜೊತೆಗೂಡಿಸಿ ಕೊಡುತ್ತಾರೆ. ರಿಫಾಂಪಿಸಿನ್ ಕ್ಷಯದ ಔಷಧವೂ ಹೌದು, ಅದಕ್ಕೇ ಕ್ಷಯ ಇಲ್ಲವೆಂದು ನೋಡಿಕೊಂಡೇ ಕೊಡಬೇಕು. ತೀವ್ರವಾದ ರೋಗಕ್ಕೆ ಅಡಾಲಿಮುಮಾಬ್ ಚುಚ್ಚುಮದ್ದು ಇದೆ. 2015ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಶುರು ಮಾಡುವ ಮೊದಲು ಅಲ್ಲೂ ಕ್ಷಯದ ತಪಾಸಣೆ ಕಡ್ಡಾಯ. ಆಂಟಿಬಯೋಟಿಕ್ ತಿಂದಾಗ ಕಡಿಮೆಯಾದದ್ದರಿಂದ ಅದು ಸೋಂಕೇ ಎಂದು ತೀರ್ಮಾನಿಸುವುದು ಇಲ್ಲಿ ದಾರಿ ತಪ್ಪಿಸುತ್ತದೆ. ಈ ಆಂಟಿಬಯೋಟಿಕ್‌ಗಳಿಗೆ ಉರಿಯೂತ ಇಳಿಸುವ ಗುಣವೂ ಇದೆ.

ನೋವಿಗಿಂತ ತುರಿಕೆ ಹೆಚ್ಚಿದ್ದರೆ, ನೀರುಗುಳ್ಳೆಯಾಗಿದ್ದರೆ

ಉಂಗುರದಂತೆ ಅಂಚು ಹರಡುವ ತುರಿಕೆ ಹುಳಕಡ್ಡಿ, ಅದು ಶಿಲೀಂಧ್ರದ ಸೋಂಕು. ಅದರಲ್ಲಿ ಗುಳ್ಳೆ ಏಕೆ ಬರುತ್ತದೆ ಎಂದರೆ ಹೆಚ್ಚಿನ ಸಲ ಟ್ಯೂಬಿನಿಂದ. "ಒಂದು ಕ್ರೀಮ್ ಕೊಡಿ ಮಾರಾಯ್ರೆ, ಬೆವರು ಬಿದ್ದು ಸ್ವಲ್ಪ ಕೆಂಪಾಗಿದೆ" ಎಂದು ಮೆಡಿಕಲ್ ಶಾಪ್‌ನಲ್ಲಿ, ಅದೂ ಪರಿಚಯದವರಿಲ್ಲದ ದೂರದ ಶಾಪ್‌ನಲ್ಲಿ, ಕೇಳಿ ತರುವ ಟ್ಯೂಬಿನಲ್ಲಿ ಬಹಳ ಸಲ ಶಿಲೀಂಧ್ರದ ಔಷಧದ ಜೊತೆ ಕ್ಲೊಬೆಟಾಸಾಲ್‌ನಂಥ ಪ್ರಬಲ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ಮಾಯ. ಒಳಗೆ ಶಿಲೀಂಧ್ರ ಕೂದಲಿನ ಬುಡಕ್ಕೆ ಇಳಿದು ಗಂಟುಗಂಟಾಗಿ ಏಳುತ್ತದೆ, ತೊಡೆಸಂದಿನ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕೌಂಟರಿನಲ್ಲಿ ಏನು ನಡೆಯುತ್ತದೆ ಎಂದು ನಿಮಗೇ ಗೊತ್ತು. ಮನೆಯಲ್ಲಿರುವ ಟ್ಯೂಬಿನ ಹಿಂಬದಿ ಓದಿ, ಹೆಸರಿನ ಕೊನೆಯಲ್ಲಿ "ಸೋನ್" ಅಥವಾ "ಸಾಲ್" ಇದ್ದರೆ ವೈದ್ಯರಿಗೆ ತೋರಿಸದೆ ಮುಂದುವರಿಸಬೇಡಿ. ಕೀಟೊಕೊನಜೋಲ್‌ನಂಥ "ಜೋಲ್" ಬೇರೆ, ಅದು ಶಿಲೀಂಧ್ರದ್ದು.

ರಾತ್ರಿ ತುರಿಕೆ ಹೆಚ್ಚು, ಬೆರಳ ಸಂದಿಯಲ್ಲೂ ಇದೆ, ಮನೆಮಂದಿಗೂ ಇದೆ, ವೃಷಣದ ಚೀಲದ ಮೇಲೆ ಗಟ್ಟಿ ಗಂಟುಗಳು ಎಂದರೆ ಕಜ್ಜಿ. ಹುಳ ಸತ್ತ ಮೇಲೂ ಆ ಗಂಟುಗಳು ವಾರಗಟ್ಟಲೆ ಉಳಿಯುತ್ತವೆ, ಗಾಬರಿ ಬೇಡ.

ಮೊದಲು ಉರಿ ಅಥವಾ ಜುಮುಜುಮು, ಆಮೇಲೆ ಗೊಂಚಲಾಗಿ ಸಣ್ಣ ನೀರುಗುಳ್ಳೆ, ಒಡೆದು ಹುಣ್ಣು, ವಾರ ಹತ್ತು ದಿನದಲ್ಲಿ ಮಾಯುವುದು, ತಿಂಗಳುಗಳ ನಂತರ ಮತ್ತೆ ಅದೇ ಆಸುಪಾಸಿನಲ್ಲಿ: ಇದು ಹರ್ಪಿಸ್. ಗುಳ್ಳೆ ಹಸಿಯಾಗಿರುವಾಗ ತೋರಿಸಿದರೆ ಪತ್ತೆ ಸುಲಭ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ಸೋಂಕಿಗೆ ಉಚಿತ ಚಿಕಿತ್ಸೆ ಇದೆ, ಹೆಸರು ಗುಟ್ಟಾಗಿರುತ್ತದೆ. ಒಂದೇ ಪಕ್ಕಕ್ಕೆ ಸೊಂಟದಿಂದ ತೊಡೆಸಂದಿಗೆ ಪಟ್ಟಿಯಂತೆ ಬಂದರೆ ಸರ್ಪಸುತ್ತು. ಮೂರು ದಿನದೊಳಗೆ ಮಾತ್ರೆ ಶುರುವಾದರೆ ಹೆಚ್ಚು ಫಲ. ಕುಕ್ಕೆಗೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಆದರೆ ಆ ಮೂರು ದಿನ ಕೈಬಿಡಬೇಡಿ.

ಮಳೆಗಾಲದ ಪಾಲು ಎಷ್ಟು?

ಇದೆ, ಆದರೆ ಎಲ್ಲರೂ ಹೇಳುವಷ್ಟು ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಒಳಉಡುಪು ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಅರೆಒಣಗಿದ್ದನ್ನು ಹಾಕಿ, ಮೇಲೆ ಜೀನ್ಸ್, ಅದರ ಮೇಲೆ ರೈನ್‌ಕೋಟ್ ಪ್ಯಾಂಟ್ ಏರಿಸಿ ತೊಕ್ಕೊಟ್ಟಿನಿಂದ ಸುರತ್ಕಲ್ ತನಕ ಸ್ಕೂಟರ್ ಓಡಿಸಿದರೆ ಯಾವ ಚರ್ಮವಾದರೂ ಕೆರಳೀತು. ಹುಳಕಡ್ಡಿ, ಕುರು, ಎಚ್‌ಎಸ್ ಮೂರೂ ಈ ತೇವ ಮತ್ತು ಉಜ್ಜುವಿಕೆಯಲ್ಲಿ ಹೆಚ್ಚುತ್ತವೆ. ಏಪ್ರಿಲ್ ಮೇ ಬೆವರಿನಲ್ಲೂ ಅಷ್ಟೇ, ಉಷ್ಣ ಎಂಬ ಮಾತಿನಲ್ಲಿ ಅಷ್ಟು ಸತ್ಯವಿದೆ. ಸಡಿಲ ಹತ್ತಿ ಚಡ್ಡಿ, ಮನೆಗೆ ಬಂದ ಕೂಡಲೇ ಲುಂಗಿ ಅಥವಾ ನೈಟಿ, ಇಸ್ತ್ರಿ ಹಾಕಿ ಒಣಗಿಸಿದ ಒಳಉಡುಪು, ಇವು ಖರ್ಚಿಲ್ಲದೆ ಆಗುವ ಕೆಲಸ. ಆದರೆ ಮಳೆ ನಿಂತ ಮೇಲೆ, ಡಿಸೆಂಬರ್‌ನಲ್ಲೂ ಗಡ್ಡೆ ಬರುತ್ತಿದ್ದರೆ ಹವಾಮಾನವನ್ನು ದೂರುವುದನ್ನು ಬಿಡಬೇಕು. ಬಂಗುಡೆ ಬಿಟ್ಟರೆ ಗುಳ್ಳೆ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ, ಮೀನು ತಿನ್ನಿ.

ಡಾಕ್ಟ್ರ ಮುಂದೆ ಕೂತಾಗ

ಹೋಗುವ ಮೊದಲು ಎರಡು ಮೂರು ತಿಂಗಳ ಲೆಕ್ಕ ಮೊಬೈಲ್‌ನಲ್ಲಿ ಬರೆದಿಡಿ: ಗುಳ್ಳೆ ಎದ್ದ ತಾರೀಕು, ಎಡವೋ ಬಲವೋ, ಎಷ್ಟು ದಿನ ಇತ್ತು, ಕೀವು ಬಂತೇ, ಮುಟ್ಟಿನ ತಾರೀಕು, ಕೂದಲು ತೆಗೆದ ದಿನ, ತಿಂದ ಮಾತ್ರೆ, ಹಚ್ಚಿದ ಟ್ಯೂಬು. ಉಲ್ಬಣವಾದ ದಿನದ ಫೋಟೋ ತೆಗೆದಿಡಿ. ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಗುಳ್ಳೆ ಮಾಯ್ದಿರುವುದೇ ಹೆಚ್ಚು. ಸರ್ಜನ್ ಹತ್ತಿರ ಕೊಯ್ಯಿಸಿಕೊಂಡವರು, ಸ್ತ್ರೀರೋಗ ತಜ್ಞರಲ್ಲಿ ತೋರಿಸಿದವರು ಆ ಚೀಟಿಗಳನ್ನೆಲ್ಲ ಒಟ್ಟಿಗೆ ಚರ್ಮರೋಗ ವಿಭಾಗಕ್ಕೆ ತನ್ನಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಆಗಲಿ, ಮಣಿಪಾಲದ ಕೆಎಂಸಿ ಆಗಲಿ, ಹೋಗಬೇಕಾದ್ದು ಆ ವಿಭಾಗಕ್ಕೇ. ಚೀಟಿಗಳು ಬೇರೆ ಬೇರೆ ಡ್ರಾಯರ್‌ನಲ್ಲಿ ಇರುವ ತನಕ ಯಾರ ಕಣ್ಣಿಗೂ ಇದು ಒಂದೇ ರೋಗವಾಗಿ ಕಾಣುವುದಿಲ್ಲ.

ಅವರು ಕೇಳದಿದ್ದರೂ ನೀವಾಗಿ ಹೇಳಿ: "ಡಾಕ್ಟ್ರೇ, ಕಂಕುಳಿಗೂ ಬರ್ತದೆ", "ಮನೆಯಲ್ಲಿ ಅಕ್ಕನಿಗೂ ಉಂಟು", "ಇದು ಆರು ತಿಂಗಳಲ್ಲಿ ಮೂರನೇ ಸಲ". ಹೆಂಗಸರಿಗೆ ಹೆಣ್ಣು ವೈದ್ಯರೇ ಬೇಕಿದ್ದರೆ ಚೀಟಿ ಮಾಡಿಸುವಾಗಲೇ ಕೇಳಿದರಾಯಿತು, ಅದರಲ್ಲಿ ಸಂಕೋಚವಿಲ್ಲ. ಅಲ್ಲಿಯವರೆಗೆ ಹಿಂಡಬೇಡಿ, ಸೂಜಿ ಚುಚ್ಚಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಜ್ವರ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಹೋಗಿ.